ಮೂರನೇ ಮಹಡಿಯ ಬಾಗಿಲು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವಳು ಬೀಗದಕ್ಕ. ಔಷಧಿ ಅಂಗಡಿಗೂ ಚಪ್ಪಲಿ ರಿಪೇರಿಯವನ ಗೂಡಿಗೂ ನಡುವೆ ಅವಳ ಅಂಗಡಿ. ಇಬ್ಬರು ಗಿರಾಕಿಗಳು ಒಳಗೆ ನಿಂತರೆ ಮೂರನೆಯವರು ಬೀದಿಯಲ್ಲೇ ಉಳಿಯಬೇಕು, ಅಷ್ಟೇ ಅಗಲ. ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಇನ್ನೂ ಹಲ್ಲು ಮೂಡದ ಕೀಲಿಕೈಗಳು. ಕೀ ಕತ್ತರಿಸುವ ಯಂತ್ರ ಕಿರ್ರೆಂದು ಶುರುವಾಯಿತೆಂದರೆ ಪಕ್ಕದ ಔಷಧಿ ಅಂಗಡಿಯಲ್ಲಿ ಜನ ತಮ್ಮ ಕಾಯಿಲೆಯನ್ನು ಕೂಗಿ ಹೇಳಬೇಕಾಗುತ್ತಿತ್ತು.

ಕಸುಬು ಅಪ್ಪನದು. ಅಪ್ಪನ ಕಣ್ಣು ಮಂಜಾಗುತ್ತ ಬಂದಾಗ ಅವಳಿಗೆ ಹತ್ತೊಂಬತ್ತು. ಮೊದಲು ಅರ ಹಿಡಿದು ಉಜ್ಜುವುದನ್ನು ಕಲಿತಳು, ಆಮೇಲೆ ತಂತಿ ತೂರಿಸಿ ಬೀಗದ ಹೊಟ್ಟೆಯೊಳಗಿನ ಸಣ್ಣ ಸಣ್ಣ ಅಲುಗಾಟವನ್ನು ಬೆರಳಲ್ಲಿ ಹಿಡಿಯುವುದನ್ನು ಕಲಿತಳು. ಅಪ್ಪ ಕಲಿಸಿದ ಇನ್ನೊಂದು ಪಾಠವೂ ಇತ್ತು. "ಬಾಗಿಲು ತೆಗೆಯೋದು ನಮ್ಮ ಕೆಲಸ. ಬಾಗಿಲ ಹಿಂದೆ ಏನು ಕಂಡರೂ ಅಲ್ಲೇ ಬಿಟ್ಟು ಬರಬೇಕು. ಮನೆಗೆ ಹೊತ್ತುಕೊಂಡು ಬಂದ್ರೆ ನಾಳೆಯಿಂದ ಯಾರೂ ನಮ್ಮನ್ನ ಕರೆಯಲ್ಲ." ಮದುವೆಯಾದಾಗ ಗಂಡನ ಕಡೆಯವರು, "ನಮಗೆ ಬೀಗರು ಸಿಗ್ತಾರೆ ಅಂದ್ಕೊಂಡ್ವಿ, ಬೀಗದವರು ಸಿಕ್ಕಿದ್ರು" ಎಂದು ಹೇಳಿ ಹೇಳಿ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆಗ ಅವಳು ಸುಲಭವಾಗಿ ನಗುತ್ತಿದ್ದಳು.

ಈಗ ಅವಳಿಗೆ ಐವತ್ತಾರು. ಎರಡನೇ ಮಾತಿಗೆ ಅವಕಾಶ ಕೊಡದವಳೆಂದು ಬೀದಿಗೆಲ್ಲ ಗೊತ್ತು. ಅದರಲ್ಲೂ ಒಂದು ವಿಷಯದಲ್ಲಿ ಅವಳ ಹಟ ವಿಪರೀತ. ಒಳಗೆ ಮನುಷ್ಯರಿದ್ದು ಬಾಗಿಲು ಹಾಕಿಕೊಂಡಿದೆ ಎಂದರೆ, ಒಳಗಿನವರು ಏನೇ ಹೇಳಲಿ, ಅವರ ಮುಖ ನೋಡದೆ ಅವಳು ಜಾಗ ಬಿಡುತ್ತಿರಲಿಲ್ಲ. ಒಂದು ಸಲ ಕಿವಿ ಮಂದವಾದ ಮುದುಕರೊಬ್ಬರು ಸ್ನಾನದ ಮನೆಯಲ್ಲಿ ಹಾಯಾಗಿ ಕೂತಿದ್ದರು; ಸೊಸೆ ಗಾಬರಿಯಾಗಿ ಇವಳನ್ನು ಕರೆಸಿದ್ದಳು. "ನಾನು ಚೆನ್ನಾಗೇ ಇದ್ದೀನಿ, ಹೋಗ್ರೇ!" ಎಂದು ಮುದುಕರು ಒಳಗಿಂದ ಕಿರುಚಿದರೂ ಬಿಡದೆ ಬಾಗಿಲು ತೆಗೆದು, ಒಂದು ಕ್ಷಣ ಅವರನ್ನು ನೋಡಿ, "ಸರಿ, ನೀರು ಹಾಕ್ಕೊಳ್ಳಿ" ಎಂದು ಮತ್ತೆ ಮುಚ್ಚಿ ಬಂದಿದ್ದಳು. ಈ ಕತೆ ಬೀದಿಯಲ್ಲಿ ವರ್ಷಗಟ್ಟಲೆ ಓಡಿತು. ಅವಳೇಕೆ ಹಾಗೆ ಎಂದು ಯಾರೂ ಕೇಳಲಿಲ್ಲ. ಹುಟ್ಟು ಸ್ವಭಾವ ಅಂದುಕೊಂಡರು.

ಹೀಗಿರುವಾಗ ಅಂಗಡಿಯ ಎದುರಿನ ಗೋಡೆಗೆ ಒಂದು ಸಿನಿಮಾದ ಪೋಸ್ಟರ್ ಬಿತ್ತು. ಬೆವರು ಇಳಿಯುವ ಮುಖ, ಕತ್ತಿನಲ್ಲಿ ನೇತುಬಿದ್ದ ಗಿಟಾರ್, ಮೈಕಿಗೆ ಅಂಟಿಕೊಂಡ ತುಟಿ. ಜನ ಅವನನ್ನು ಗುಡುಗು ಎಂದು ಕರೆಯುತ್ತಿದ್ದರು. ರಾಕ್ ಹಾಡುಗಾರ. ಅವನು ತಾರಕಕ್ಕೆ ಏರಿದನೆಂದರೆ ಮೈದಾನದ ಕೊನೆಯಲ್ಲಿ ನಿಂತವರಿಗೂ ಮೈ ಜುಮ್ಮೆನ್ನುತ್ತಿತ್ತು. ಕುಡಿತ, ಜಗಳ, ಅರ್ಧಕ್ಕೆ ಬಿಟ್ಟುಹೋದ ಕಾರ್ಯಕ್ರಮಗಳು, ಒಂದು ದೊಡ್ಡ ಆಸ್ಪತ್ರೆ ವಾಸ, ಆಮೇಲೆ ಆ ತಾರಕ ದನಿ ಹೋಗಿಯೇ ಬಿಟ್ಟಿತು. ನಲವತ್ತೊಂದಕ್ಕೆ ಸತ್ತ. ಅವನು ಹೋಗಿ ಹತ್ತೊಂಬತ್ತು ವರ್ಷವಾದ ಮೇಲೆ ಅವನ ಬದುಕು ಸಿನಿಮಾ ಆಗಿತ್ತು.

ಪೋಸ್ಟರ್ ಬಿದ್ದ ದಿನ ಬೀಗದಕ್ಕ ಒಂದೇ ಕೀಯನ್ನು ಮೂರು ಸಲ ತಪ್ಪಾಗಿ ಕತ್ತರಿಸಿದಳು. ಮರುದಿನ ತನ್ನ ಸ್ಟೂಲನ್ನು ತಿರುಗಿಸಿ, ಬೀದಿಗೆ ಬೆನ್ನು ಮಾಡಿ ಕೂತಳು.

ಮಗಳಿಗೆ ಇಪ್ಪತ್ತೈದು. ಹಲ್ಲಿನ ಡಾಕ್ಟರ ಬಳಿ ಎಕ್ಸ್-ರೇ ತೆಗೆಯುವ ಕೆಲಸ. ಅವಳಿಗೆ ಗುಡುಗು ಎಂದರೆ ಪ್ರಾಣ. ಕೆಲಸದಿಂದ ಬಂದವಳೇ ಹೇಳಿದಳು: "ಅಮ್ಮಾ, ಭಾನುವಾರ ಮಧ್ಯಾಹ್ನದ ಆಟಕ್ಕೆ ಎರಡು ಟಿಕೆಟ್ ತೊಗೊಂಡಿದ್ದೀನಿ. ಆಗಲ್ಲ ಗೀಗಲ್ಲ ಅನ್ನಬೇಡ."

"ನಿಮ್ಮಪ್ಪನ್ನ ಕರ್ಕೊಂಡು ಹೋಗು."

"ಅಪ್ಪನ್ನಾ? ಹೆಸರು ತೋರಿಸಿ ಮುಗಿಸೋದ್ರೊಳಗೆ ಗೊರಕೆ ಹೊಡೀತಾರೆ."

ನೀರಿನ ಮೀಟರ್ ಓದುವ ಕೆಲಸದಿಂದ ನಿವೃತ್ತನಾದ ಗಂಡ ಪೇಪರಿನ ಹಿಂದಿನಿಂದಲೇ, "ಅವನ ಹಾಡಿನ ಗದ್ದಲದಲ್ಲಿ ನನ್ನ ಗೊರಕೆ ಯಾರಿಗೆ ಕೇಳುತ್ತೆ ಬಿಡು" ಎಂದ. ಆದರೆ ಪೇಪರ್ ಸ್ವಲ್ಪ ಕೆಳಗಿಳಿಸಿ ಹೆಂಡತಿಯ ಮುಖ ನೋಡಿದ.

ಬರುವುದಿಲ್ಲ ಎಂದರೆ ಮಗಳು ಯಾಕೆ ಎನ್ನುತ್ತಾಳೆ. ಅದೂ ಅಲ್ಲದೆ, ಆ ಒಂದು ಬೆಳಗು ಸಿನಿಮಾದಲ್ಲಿ ಇದೆಯೋ ಇಲ್ಲವೋ ಎಂಬುದು ನಾಲ್ಕು ದಿನದಿಂದ ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಇಲ್ಲದಿದ್ದರೆ ಸಾಕು. ಇದ್ದರೆ? "ಬರ್ತೀನಿ" ಎಂದಳು.

ಚಿತ್ರಮಂದಿರ ತುಂಬಿತ್ತು. ಸಾಲಿನ ನಟ್ಟನಡುವೆ ಸೀಟು. ಎದ್ದು ಹೋಗಬೇಕೆಂದರೆ ಏಳೆಂಟು ಮೊಣಕಾಲು ದಾಟಬೇಕು. ಕೂತ ತಕ್ಷಣ ಬೀಗದಕ್ಕ ಹೊರಹೋಗುವ ಬಾಗಿಲುಗಳನ್ನು ಲೆಕ್ಕ ಹಾಕಿದಳು. ಎಡಗಡೆ ಎರಡು, ಹಿಂದೆ ಒಂದು.

ಸಿನಿಮಾ ಚೆನ್ನಾಗಿಯೇ ಇತ್ತು, ಅದೇ ಕಷ್ಟವಾಯಿತು. ಅಪ್ಪನ ಬೆಲ್ಟಿನೇಟು ತಿಂದ ಹುಡುಗ, ಗ್ಯಾರೇಜಿನಲ್ಲಿ ನಾಲ್ವರು ಗೆಳೆಯರು ಕಟ್ಟಿದ ಬ್ಯಾಂಡು, ಮೊದಲ ಮೈದಾನ, ಮೊದಲ ಬಾಟಲಿ. ಮಗಳು ಹಾಡುಗಳನ್ನು ಬಾಯಲ್ಲೇ ಗುನುಗುತ್ತಿದ್ದಳು. ಗುಡುಗಿನ ಪಾತ್ರ ಮಾಡಿದವನು ಅವನಂತೆಯೇ ತಲೆ ಓರೆ ಮಾಡುತ್ತಿದ್ದ. ದನಿಗೆ ಮಾತ್ರ ಅವನ ಹಳೆಯ ಧ್ವನಿಮುದ್ರಣವನ್ನೇ ಹಾಕಿದ್ದರು. ಆ ದನಿ ಏರಿದಾಗಲೆಲ್ಲ ಬೀಗದಕ್ಕನ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತಿತ್ತು. ಈ ದನಿ ಇನ್ನೆಷ್ಟು ಹೊತ್ತು ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಗಂಟೆ ಕಳೆಯಿತು. ಪರದೆಯ ಮೇಲೆ ಗೆಳೆಯರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಉಳಿದದ್ದು ಅವನ ಕಾರ್ಯಕ್ರಮಗಳನ್ನೆಲ್ಲ ಗೊತ್ತು ಮಾಡುತ್ತಿದ್ದ ವ್ಯವಸ್ಥಾಪಕ ಮತ್ತು ಒಬ್ಬಳು ತಂಗಿ. ಆಮೇಲೆ ಒಂದು ಬೆಳಗು. ಮೆಟ್ಟಿಲು. ಕಪ್ಪು ಕಬ್ಬಿಣದ ಕಟಕಟೆ, ಮೂಲೆಯಲ್ಲಿ ಒಡೆದ ಹೂಕುಂಡ.

ಬೀಗದಕ್ಕನ ಕೈ ಸೀಟಿನ ತೋಳನ್ನು ಹಿಡಿಯಿತು. ಅದೇ ಮೆಟ್ಟಿಲು. ಹಾಗೇ ಕಟ್ಟಿಸಿದ್ದರೋ, ಅದೇ ಕಟ್ಟಡಕ್ಕೆ ಹೋಗಿದ್ದರೋ!

ಮೂರನೇ ಮಹಡಿಯ ಬಾಗಿಲ ಮುಂದೆ ವ್ಯವಸ್ಥಾಪಕ, ತಂಗಿ. ಒಳಗಿಂದ ಬೀಗ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬೀಗದವನು ಬಂದ. ಗಂಡಸು, ಗುಡಾಣದಂಥ ಹೊಟ್ಟೆ, ಬಾಯಲ್ಲಿ ಏನೋ ಜಗಿಯುತ್ತಿದ್ದಾನೆ. ಬಾಗಿಲ ಮುಂದೆ ಕೂರಲು ಹೋಗಿ ಪ್ಯಾಂಟು ಪರ್‍ರೆಂದಿತು. ಚಿತ್ರಮಂದಿರ ಗೊಳ್ಳೆಂದಿತು. ಒಳಗಿಂದ ದನಿ: "ನಾನು ಮಲಗಿದ್ದೀನಿ, ಹೋಗಿ." ಬೀಗದವನು ಹೆಗಲು ಕೊಡವಿ, "ಮಲಗಿದ್ದಾರಂತೆ ಸ್ವಾಮಿ, ಮಲಗಿದೋರನ್ನ ಎಬ್ಬಿಸೋದು ಪಾಪ" ಎಂದು ಚೀಲ ಹೆಗಲಿಗೇರಿಸಿ, ಸಿಳ್ಳೆ ಹಾಕುತ್ತ ಇಳಿದುಹೋದ. ಈ ಸಲ ನಗು ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ "ಥೂ, ನಿನ್ನ ಹೊಟ್ಟೆ ಸೀದುಹೋಗ" ಎಂದರು. ಮಗಳು ತಾಯಿಯ ಕಿವಿಯಲ್ಲಿ ಪಿಸುಗುಟ್ಟಿದಳು: "ಎಂಥ ಕಟುಕ ನೋಡಮ್ಮ!"

ವ್ಯವಸ್ಥಾಪಕ ಕೋಟು ಬಿಚ್ಚಿ ಎಸೆದು ಹೆಗಲಿನಿಂದ ಬಾಗಿಲು ಗುದ್ದಿದ. ಒಂದು, ಎರಡು. ಮೂರನೇ ಪೆಟ್ಟು ಬೀಳುವ ಮುಂಚೆ ಬೀಗದಕ್ಕ ಎದ್ದಿದ್ದಳು. ಮೊಣಕಾಲುಗಳನ್ನು ದಾಟುತ್ತ, ಯಾರದೋ ಕಾಲು ತುಳಿಯುತ್ತ ಎಡಗಡೆಯ ಬಾಗಿಲಿಗೆ ಬಂದಳು. ದಿನಕ್ಕೆ ಹತ್ತು ಬೀಗ ಬಿಡಿಸುವವಳಿಗೆ ಆ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ಎಂದು ಹೊಳೆಯಲಿಲ್ಲ.

ಮಗಳು ಓಡಿ ಬಂದಾಗ ಅವಳು ಹೊರಗಿನ ಉದ್ದ ಮೊಗಸಾಲೆಯಲ್ಲಿ ನೀರಿನ ನಲ್ಲಿಯ ಪಕ್ಕ ಗೋಡೆಗೊರಗಿ ನಿಂತಿದ್ದಳು.

"ಏನಾಯ್ತಮ್ಮ? ತಲೆ ಸುತ್ತು ಬಂತಾ? ಎದೆನೋವಾ?"

"ಇಲ್ಲ."

"ಮತ್ತೆ?"

"ಆ ಬೀಗದವನು…" ಅವಳು ನಲ್ಲಿಯಿಂದ ಒಂದು ಬೊಗಸೆ ನೀರು ಕುಡಿದಳು. "ಅದು ನಾನು ಕಣೇ."

ಮಗಳಿಗೆ ಅರ್ಥವಾಗಲಿಲ್ಲ. ಎರಡನೇ ಸಲ ಹೇಳಬೇಕಾಯಿತು.

ನಡೆದದ್ದು ಹೀಗೆ. ಇಪ್ಪತ್ತೆರಡು ವರ್ಷದ ಹಿಂದಿನ ಆ ಬೆಳಗ್ಗೆ ಹತ್ತು ಗಂಟೆಗೆ ವ್ಯವಸ್ಥಾಪಕ ಅಂಗಡಿಗೆ ಕಾರು ಕಳಿಸಿದ್ದ. ಬಾಗಿಲು ಒಡೆದರೆ ಅಕ್ಕಪಕ್ಕದವರು ಸೇರುತ್ತಾರೆ, ಪತ್ರಿಕೆಯವರಿಗೆ ಗೊತ್ತಾಗುತ್ತದೆ, ಸದ್ದಿಲ್ಲದೆ ತೆಗೆಯಬೇಕು ಎಂದ. ತಂಗಿ ಮೆಟ್ಟಿಲ ಮೇಲೆ ಮುದುಡಿ ಕೂತಿದ್ದಳು. ಬೀಗದಕ್ಕ ಬಾಗಿಲ ಮುಂದೆ ಮಂಡಿಯೂರಿ ಕಿಂಡಿಗೆ ಟಾರ್ಚು ಬಿಟ್ಟಳು. ಒಳಗಡೆಯಿಂದ ಕೀ ತೂರಿಸಿ ಅರ್ಧ ತಿರುಗಿಸಿ ಬಿಟ್ಟಿತ್ತು. ಅದನ್ನು ನೆಟ್ಟಗೆ ಮಾಡಿ ಒಳಕ್ಕೆ ತಳ್ಳಿದ ಮೇಲೆಯೇ ಮುಂದಿನ ಕೆಲಸ. ಸಣ್ಣ ಇಕ್ಕಳ ಕೈಗೆತ್ತಿಕೊಂಡಿದ್ದಳು, ಅಷ್ಟರಲ್ಲಿ ಒಳಗಿಂದ ದನಿ ಬಂತು.

"ಯಾರು?"

"ಬೀಗದವಳು ಸ್ವಾಮಿ."

"ಹೋಗಮ್ಮ. ಮಲಗಿದ್ದೀನಿ. ಚೆನ್ನಾಗಿದ್ದೀನಿ ಅಂತ ಹೇಳು."

ವ್ಯವಸ್ಥಾಪಕ ದೊಡ್ಡ ಉಸಿರು ಬಿಟ್ಟು ನಕ್ಕ. "ಕೇಳಿದ್ಯಾ? ಇವನದ್ದು ಯಾವಾಗಲೂ ಇದೇ ನಾಟಕ. ನೀನು ಹೊರಡು." ಅವಳು ಸಾಮಾನು ಎತ್ತಿಟ್ಟು ಹೊರಟಳು. ತಂಗಿ ತಲೆ ಎತ್ತಿ ನೋಡಿ ಮತ್ತೆ ಮುದುಡಿದಳು. ಬೀಗದಕ್ಕ ಬೀದಿಗೆ ಬಂದು ಎದುರಿನ ಅಂಗಡಿಯಲ್ಲಿ ಒಂದು ಟೀ ಹೇಳಿ, ಕುಡಿಯುತ್ತ ನಿಂತಳು. ಟೀ ಮುಗಿಯುವ ಹೊತ್ತಿಗೆ ಏನೋ ಕೊರೆಯತೊಡಗಿತು. ಮಂಚದ ಮೇಲೆ ಮಲಗಿದವನ ದನಿ ಕೋಣೆಯ ಆಚೆಯಿಂದ ಬರಬೇಕು. ಈ ದನಿ ಬಾಗಿಲ ಬುಡದಿಂದ, ಹೊಸ್ತಿಲ ಸಂದಿನಿಂದ ಬಂದಿತ್ತು. ಅವನು ನೆಲದ ಮೇಲೆ ಬಾಗಿಲಿಗೆ ಬಾಯಿ ಹಚ್ಚಿಕೊಂಡು ಬಿದ್ದಿದ್ದ.

ಗ್ಲಾಸು ಅಲ್ಲೇ ಬಿಟ್ಟು ಮೂರು ಮಹಡಿ ಓಡಿದಳು. ವ್ಯವಸ್ಥಾಪಕ ಫೋನು ಮಾಡಲು ಹೋಗಿದ್ದ. ತಂಗಿ ಒಬ್ಬಳೇ ಇದ್ದಳು. ಈ ಸಲ ಒಳಗಿಂದ ದನಿಯೇ ಇರಲಿಲ್ಲ. ಒಂಬತ್ತು ನಿಮಿಷದಲ್ಲಿ ಬೀಗ ಬಿಡಿಸಿದಳು. ಬಾಗಿಲು ತೆರೆಯದೆ ಭಾರವಾಗಿ ನಿಂತಿತು, ಏಕೆಂದರೆ ಅವನ ಮೈಯೇ ಅಡ್ಡವಿತ್ತು. ಇಬ್ಬರು ಹೆಂಗಸರೂ ಸೇರಿ ಇಂಚಿಂಚಾಗಿ ತಳ್ಳಿದರು. ಪಕ್ಕದಲ್ಲಿ ಖಾಲಿ ಬಾಟಲಿ ಉರುಳಿತ್ತು, ವಾಂತಿ ಗಂಟಲಿಗೆ ಸಿಕ್ಕಿತ್ತು. ಉಸಿರು ಇನ್ನೂ ಇತ್ತು. ಆಂಬುಲೆನ್ಸ್ ಬಂತು. ಗಂಟಲಿಗೆ ಕೊಳವೆ ಹಾಕಿದರು. ಅವನು ಬದುಕಿದ. ಎರಡು ತಿಂಗಳ ಮೇಲೆ ಹಾಡಲು ನಿಂತರೆ ಆ ತಾರಕ ದನಿ ಮೇಲೇಳಲಿಲ್ಲ.

"ಆ ಟೀ ಕುಡೀತಾ ನಿಂತಿದ್ನಲ್ಲ, ಹೋಗಿ ಬಂದದ್ದೂ ಸೇರಿ ಕಾಲು ಗಂಟೆ," ಬೀಗದಕ್ಕ ಹೇಳಿದಳು. "ಆ ಕಾಲು ಗಂಟೆ ಹೋಗದೆ ಇದ್ದಿದ್ರೆ ಅವನ ದನಿ ಉಳೀತಿತ್ತು."

ಒಳಗೆ ಸಿನಿಮಾ ಗುಂಯ್ಗುಡುತ್ತಲೇ ಇತ್ತು. ಮಗಳು ಕೇಳಿದಳು: "ನೀನು ಇಳಿದು ಹೋದ್ಯಾ? ನಿಜವಾಗಲೂ?"

"ಹೋದೆ."

"ಟೀ ಕುಡಿಯಕ್ಕೆ?"

ಆ ಪ್ರಶ್ನೆಯಲ್ಲಿ ಇದ್ದದ್ದು ಕೋಪವಲ್ಲ, ನಂಬಲಾರದ ಆಶ್ಚರ್ಯ. ಬೀಗದಕ್ಕನಿಗೆ ಕೋಪವೇ ಎಷ್ಟೋ ವಾಸಿ ಅನ್ನಿಸಿತು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಒಟ್ಟಿಗೆ ಸೀಟು ಖಾಲಿ ಇರಲಿಲ್ಲವೇನೋ ನಿಜ, ಆದರೆ ಖಾಲಿಯಾದ ಮೇಲೂ ಮಗಳು ಎದ್ದು ಬರಲಿಲ್ಲ.

ಮುಂದಿನ ವಾರ ಅಂಗಡಿಯಲ್ಲಿ ಕೂರುವುದೇ ಒಂದು ಶಿಕ್ಷೆಯಾಯಿತು. ಸಿನಿಮಾ ನೋಡಿದ ಗಿರಾಕಿಗಳು ಬೀಗದ ಅಂಗಡಿ ಕಂಡ ಕೂಡಲೇ ಆ ದೃಶ್ಯ ನೆನೆಸಿಕೊಳ್ಳುತ್ತಿದ್ದರು. "ಏನಕ್ಕಾ, ನಿಮ್ಮ ಕಸುಬಿನೋನು ಮಾನ ಕಳೆದುಬಿಟ್ನಲ್ಲ!" ಎಂದು ಚಪ್ಪಲಿ ರಿಪೇರಿಯವನು ತಮಾಷೆ ಮಾಡಿದ. ಮತ್ತೊಬ್ಬ ಸಿಳ್ಳೆ ಹಾಕಿ ತೋರಿಸಿದ. ಅವಳು ಯಂತ್ರ ಚಾಲೂ ಮಾಡಿ ಮಾತು ಮುಳುಗಿಸುತ್ತಿದ್ದಳು. ಗುರುವಾರ ಬೆರಳು ಯಂತ್ರಕ್ಕೆ ತಾಗಿ ರಕ್ತ ಬಂತು. ಇಷ್ಟು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

ಆ ಸಂಜೆ ಗಂಡ ಬೆರಳಿಗೆ ಪಟ್ಟಿ ಸುತ್ತುತ್ತ, ತಲೆ ಎತ್ತದೆ ಹೇಳಿದ: "ಮಗಳು ಹೇಳಿದ್ಲು."

"ಏನಂತೆ?"

"ಎಲ್ಲಾ. ಆ ವರ್ಷ ಒಂದು ದಿನ ನೀನು ಬಂದವಳೇ ಸ್ನಾನಕ್ಕೆ ಹೋಗಿ ಒಂದು ಗಂಟೆ ಈಚೆಗೇ ಬರಲಿಲ್ಲ. ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾನು ಏನೋ ಇದೆ ಅಂದ್ಕೊಂಡೆ. ಕೇಳಲಿಲ್ಲ."

"ಯಾಕೆ ಕೇಳಲಿಲ್ಲ ನೀವು?"

"ಕೇಳಿದ್ರೆ ನೀನು ಹೇಳ್ತಿದ್ಯಾ?"

ಅವಳು ಯೋಚಿಸಿದಳು. "ಇಲ್ಲ."

"ಮತ್ತೆ? ಆದರೂ ಕೇಳಬೇಕಾಗಿತ್ತು," ಎಂದ ಅವನು. ಪಟ್ಟಿಯ ತುದಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಸುತ್ತಿದ.

ಅತ್ತ ಮಗಳು ಸುಮ್ಮನೆ ಕೂತಿರಲಿಲ್ಲ. ಸಿನಿಮಾದ ಮಿಕ್ಕರ್ಧವನ್ನು ಒಬ್ಬಳೇ ಹೋಗಿ ನೋಡಿ ಬಂದಿದ್ದಳು. ಕೊನೆಯ ಹೆಸರುಗಳ ಪಟ್ಟಿಯನ್ನು ಎವೆಯಿಕ್ಕದೆ ಓದಿದ್ದಳು. ನಿರ್ಮಾಪಕರ ಜಾಗದಲ್ಲಿ ಇದ್ದದ್ದು ಆ ವ್ಯವಸ್ಥಾಪಕನ ಹೆಸರು. ಹಾಗಾದರೆ ಹೆಗಲಿನಿಂದ ಬಾಗಿಲು ಒಡೆದ ಕತೆ ಯಾರದ್ದೆಂದು ಕೇಳಬೇಕಾಗಿರಲಿಲ್ಲ. ತಂಗಿ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆಂದು ಹೇಗೋ ಪತ್ತೆ ಮಾಡಿ, ತಾಯಿಗೆ ಹೇಳದೆ ಒಂದು ಕಾಗದ ಬರೆದಿದ್ದಳು.

ಹದಿನೈದು ದಿನ ಕಳೆದ ಮೇಲೆ, ಹನ್ನೊಂದು ಗಂಟೆಯ ಸುಮಾರಿಗೆ, ಅಂಗಡಿಯ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಐವತ್ತು ದಾಟಿದ ವಯಸ್ಸು, ನರೆತ ಕೂದಲನ್ನು ಗಿಡ್ಡ ಕತ್ತರಿಸಿಕೊಂಡಿದ್ದಳು. ಕೀ ಕೊಡಲಿಲ್ಲ, ಬೀಗ ಕೊಡಲಿಲ್ಲ. ಬೀಗದಕ್ಕ ತಲೆ ಎತ್ತಿದಳು. ಮುಖ ಗುರುತು ಸಿಗಲಿಲ್ಲ. ಆದರೆ ಅವಳು ಮೈ ಮುದುಡಿಕೊಂಡು ನಿಂತ ರೀತಿ ಗುರುತು ಸಿಕ್ಕಿತು.

"ನಿಮ್ಮ ಮಗಳು ಕಾಗದ ಬರೆದಿದ್ಲು," ಎಂದಳು ತಂಗಿ.

ಬೀಗದಕ್ಕ ಯಂತ್ರದ ಸ್ವಿಚ್ಚು ಆರಿಸಿದಳು. ಬೈಯಲು ಬಂದಿದ್ದಾಳೆ ಎಂದುಕೊಂಡಳು. ಇಪ್ಪತ್ತೆರಡು ವರ್ಷದಿಂದ ಯಾರಾದರೂ ಬಂದು ಬೈಯಲಿ ಎಂದೇ ಕಾದಿದ್ದಳೋ ಏನೋ, ಎದ್ದು ನಿಂತು ಕೈ ಒರೆಸಿಕೊಂಡು, "ಹೇಳಿ" ಎಂದಳು.

"ಕೂತ್ಕೊಳ್ಳಲಾ?"

ಇದ್ದದ್ದು ಒಂದೇ ಸ್ಟೂಲು. ಅದನ್ನು ಅವಳಿಗೆ ಕೊಟ್ಟು, ತಾನು ಹಳೆಯ ಬೀಗಗಳ ಪೆಟ್ಟಿಗೆಯ ಮೇಲೆ ಕೂತಳು. ಮಂಡಿಗೆ ಮಂಡಿ ತಾಗುತ್ತಿತ್ತು.

"ನಾನು ಸಿನಿಮಾದೋರಿಗೆ ಹೇಳಿದ್ದೆ," ತಂಗಿ ಶುರು ಮಾಡಿದಳು. "ಬಂದದ್ದು ಹೆಂಗಸು, ಹೋದೋಳು ವಾಪಸ್ ಬಂದ್ಲು, ಅವಳೇ ತೆಗೆದ್ಲು ಅಂತ. ಬೀಗದವರು ಎರಡು ಸಲ ಬಂದ್ರೆ ಕತೆ ಕುಂಟುತ್ತೆ ಅಂದ್ರು. ಆ ವ್ಯವಸ್ಥಾಪಕ ಹೆಗಲು ಕೊಟ್ಟು ಒಡೆದನಂತೆ! ಅವನ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೆಯಕ್ಕಾಗ್ತಿರಲಿಲ್ಲ."

ಬೀಗದಕ್ಕ ನಗಲಿಲ್ಲ. "ನಾನು ಹೋದದ್ದು ಮಾತ್ರ ನಿಜ ತಾನೇ?"

"ನಿಜ."

"ಕಾಲು ಗಂಟೆ."

"ಕಾಲು ಗಂಟೆ," ತಂಗಿ ಒಪ್ಪಿಕೊಂಡಳು. ಆಮೇಲೆ ತನ್ನ ಅಂಗೈಗಳನ್ನು ನೋಡುತ್ತ ಹೇಳಿದಳು: "ನಿಮ್ಮದು ಕಾಲು ಗಂಟೆ ಅಕ್ಕ. ನಾನು ಅವತ್ತು ಏಳೂವರೆಗೇ ಅಲ್ಲಿಗೆ ಹೋಗಿದ್ದೆ. ಬಾಗಿಲು ತಟ್ಟಿದೆ. ‘ಹೋಗೇ, ನಿನ್ನ ಮುಖ ನೋಡಲ್ಲ' ಅಂದ. ಹಿಂದಿನ ವಾರ ಜಗಳ ಆಡಿದ್ವಿ. ನನಗೂ ರೋಷ ಬಂತು. ಬೇಕಾದ್ರೆ ನೀನೇ ಬಂದು ತೆಗಿ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎರಡು ಗಂಟೆ. ಆ ಎರಡು ಗಂಟೇಲಿ ಒಳಗೆ ಏನೋ ಬಿದ್ದ ಸದ್ದು ಆಯ್ತು. ಕೇಳಿಸ್ತು ನನಗೆ. ಆದರೂ ಏಳಲಿಲ್ಲ. ವ್ಯವಸ್ಥಾಪಕ ಬಂದು ನಿಮಗೆ ಹೇಳಿ ಕಳಿಸೋವರೆಗೂ ಏಳಲಿಲ್ಲ. ಇದನ್ನ ನಾನು ಯಾರಿಗೂ ಹೇಳಿಲ್ಲ. ಅವನಿಗೂ ಹೇಳಲಿಲ್ಲ."

ಪಕ್ಕದ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು. ಬೀಗದಕ್ಕನಿಗೆ ಒಂದು ಕ್ಷಣ ಎದೆ ಹಗುರಾಯಿತು. ಹಗುರಾದದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ಎದುರು ಕೂತವಳ ಭಾರ ಕಂಡು ತನ್ನದು ಇಳಿಯುವುದೇ?

"ದನಿ ಹೋದದ್ದು?" ಎಂದು ಕೇಳಿದಳು. ಇಷ್ಟು ವರ್ಷ ಕೇಳಬೇಕೆಂದಿದ್ದ ಒಂದೇ ಪ್ರಶ್ನೆ. "ನಾನು ಮೊದಲೇ ತೆಗೆದಿದ್ರೆ ಉಳೀತಿತ್ತಾ?"

"ಡಾಕ್ಟರನ್ನ ಕೇಳಿದೆ. ಹೇಳಕ್ಕಾಗಲ್ಲ ಅಂದ್ರು. ಮತ್ತೆ ಕೇಳಿದೆ. ಮೂರು ವರ್ಷ, ಸಿಕ್ಕ ಸಿಕ್ಕ ಡಾಕ್ಟರನ್ನೆಲ್ಲ ಕೇಳಿದೆ. ಕೊಳವೆಯಿಂದ ಇರಬಹುದು, ಕುಡಿತದಿಂದ ಇರಬಹುದು, ಮುಂಚೆಯೇ ಹೋಗ್ತಾ ಇತ್ತೋ ಏನೋ. ಎಲ್ಲರೂ ಹೇಳಕ್ಕಾಗಲ್ಲ ಅಂತಲೇ ಅಂದ್ರು." ಅವಳು ಉಸಿರು ಎಳೆದುಕೊಂಡಳು. "ನಿಮಗೆ ಸಮಾಧಾನ ಆಗೋ ಹಾಗೆ ಏನಾದರೂ ಹೇಳೋಣ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ."

"ಬೇಡ, ಸುಳ್ಳು ಬೇಡ." ಬೀಗದಕ್ಕ ಕೇಳಿದಳು: "ಅವನಿಗೆ ಗೊತ್ತಿತ್ತಾ? ಬಾಗಿಲು ತೆಗೆದದ್ದು ಯಾರು ಅಂತ?"

"ಗೊತ್ತಿತ್ತು. ಒಂದು ವರ್ಷ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದ. ಯಾವಳೇ ಅವಳು, ಯಾರು ಹೇಳಿದ್ದು ಅವಳಿಗೆ ತೆಗೆಯಕ್ಕೆ ಅಂತ."

"ಆಮೇಲೆ?"

"ಆಮೇಲೆ ಬೈಯೋದು ನಿಲ್ಲಿಸಿದ."

ಬೀಗದಕ್ಕ ಎದ್ದು, ಅಂಗಡಿಯ ಶಟರನ್ನು ಹಾಡುಹಗಲಲ್ಲೇ ಅರ್ಧ ಕೆಳಗೆಳೆದಳು. ಗಿರಾಕಿಗಳು ಬಗ್ಗಿ ನೋಡಿ ಹೋದರು. ಆ ಅರ್ಧ ಕತ್ತಲೆಯಲ್ಲಿ ಇಬ್ಬರೂ ಆ ಬೆಳಗ್ಗಿನ ಒಂದೊಂದೇ ಗಳಿಗೆಯನ್ನು ಜೋಡಿಸಿಕೊಂಡು ಕೂತರು. ತಂಗಿಗೆ ಬಾಗಿಲು ತೆರೆದದ್ದು ನೆನಪಿರಲಿಲ್ಲ, ಬೀಗದಕ್ಕನಿಗೆ ಆಂಬುಲೆನ್ಸ್ ಬಂದದ್ದು ನೆನಪಿರಲಿಲ್ಲ. ಒಬ್ಬಳಿಗೆ ಇಲ್ಲದ್ದು ಇನ್ನೊಬ್ಬಳ ಬಳಿ ಇತ್ತು. ಜಗಳವೂ ಆಯಿತು. ಅವನ ಕೈ ಹಿಡಿದುಕೊಂಡಿದ್ದು ನಾನು ಎಂದು ತಂಗಿ, ಅಲ್ಲ ನೀವು ತಲೆ ಹಿಡಿದಿದ್ರಿ, ಕೈ ನನ್ನ ಕೈಲಿತ್ತು ಎಂದು ಬೀಗದಕ್ಕ. ಕೊನೆಗೆ ಒಂದೊಂದು ಕೈ ಒಬ್ಬೊಬ್ಬರು ಹಿಡಿದಿದ್ದೆವು ಎಂದು ತೀರ್ಮಾನವಾಯಿತು.

ಮಧ್ಯಾಹ್ನ ಮಗಳು ಕ್ಲಿನಿಕ್ಕಿನಿಂದ ಬಿರಬಿರನೆ ಬಂದವಳು ಅರ್ಧ ಮುಚ್ಚಿದ ಶಟರು ಕಂಡು ಹೆದರಿ, ಬಗ್ಗಿ ನುಸುಳಿದಳು. ಇಬ್ಬರೂ ಅತ್ತು ಮುಖ ಊದಿಸಿಕೊಂಡು ಬ್ರೆಡ್ಡು ತಿನ್ನುತ್ತಿದ್ದರು.

"ಅಮ್ಮಾ, ನನ್ನ ಮೇಲೆ ಕೋಪಾನಾ? ಹೇಳದೆ ಬರೆದುಬಿಟ್ಟೆ."

"ಇದೆ. ಆಮೇಲೆ ವಿಚಾರಿಸ್ಕೋತೀನಿ. ಮೊದಲು ಕೂತ್ಕೋ," ಎಂದಳು ಬೀಗದಕ್ಕ. ಕೂರಲು ಜಾಗವಿರಲಿಲ್ಲ. ಮಗಳು ನೆಲದ ಮೇಲೆ ಕಾಲು ಮಡಚಿ ತಾಯಿಯ ಮಂಡಿಗೆ ಒರಗಿ ಕೂತಳು, ಮೂರು ವಾರದಲ್ಲಿ ಮೊದಲ ಸಲ. "ಇದನ್ನೆಲ್ಲ ಪತ್ರಿಕೆಗೆ ಬರೆಯೋಣ," ಎಂದಳು. "ಆ ಮನುಷ್ಯನ ಮುಖವಾಡ ಕಳಚಬೇಕು." ಇಬ್ಬರು ಹೆಂಗಸರೂ ಒಟ್ಟಿಗೆ "ಬೇಡ" ಎಂದರು.

ತಂಗಿ ಸಿನಿಮಾವನ್ನು ಇನ್ನೂ ನೋಡಿರಲಿಲ್ಲ. ಎರಡು ಸಲ ಟಿಕೆಟ್ ಕೊಂಡು ಬಾಗಿಲಿಂದಲೇ ವಾಪಸ್ ಬಂದಿದ್ದಳಂತೆ. "ನಾನೂ ಅರ್ಧ ನೋಡಿಲ್ಲ," ಎಂದಳು ಬೀಗದಕ್ಕ. ಮುಂದಿನ ಮಂಗಳವಾರ ಬೆಳಗಿನ ಆಟಕ್ಕೆ ಇಬ್ಬರೂ ಹೋದರು. ಸಿನಿಮಾ ಹಳತಾಗಿತ್ತು, ಮಂದಿರದಲ್ಲಿ ಹತ್ತು ಹನ್ನೆರಡು ಜನ. ಈ ಸಲ ಸಾಲಿನ ತುದಿಯ ಸೀಟು ಹಿಡಿದರು.

ಮೆಟ್ಟಿಲು ಬಂದಾಗ ತಂಗಿಯ ಕೈ ಬೀಗದಕ್ಕನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ ಪಟ್ಟಿ ಬಿಚ್ಚಿದ ಬೆರಳು ಚುರುಗುಟ್ಟಿತು. ಇಬ್ಬರೂ ಪರದೆಯಿಂದ ಕಣ್ಣು ಕೀಳಲಿಲ್ಲ. ಹೊಟ್ಟೆಯವನು ಬಂದ, ಪ್ಯಾಂಟು ಹರಿಯಿತು, ಸಿಳ್ಳೆ ಹಾಕುತ್ತ ಹೋದ. ಬಾಗಿಲು ಒಡೆಯಿತು. ಎದ್ದುಹೋಗಬೇಕೆಂದು ಇಬ್ಬರಿಗೂ ಅನ್ನಿಸಿತು, ಇಬ್ಬರೂ ಏಳಲಿಲ್ಲ.

ಮಿಕ್ಕರ್ಧದಲ್ಲಿ ಗುಡುಗು ದನಿ ಕಳೆದುಕೊಂಡು ಕಿಟಕಿಯ ಪಕ್ಕ ಕೂತಿದ್ದ. ಎರಡು ಹಾಡಿನಷ್ಟು ಹೊತ್ತು ಕೂತೇ ಇದ್ದ. ಹೊರಗೆ ಎಲೆ ಉದುರಿದವು, ಅವನು ನೋಡುತ್ತಿದ್ದ. ಆ ಮೂರು ವರ್ಷವೂ ಹಾಗೇ ಮೂಕನಾಗಿ ಕಳೆದ ಎನ್ನುವಂತೆ. ಬೀಗದಕ್ಕನ ಕಣ್ಣು ತುಂಬಿತು. ಇದಕ್ಕೋಸ್ಕರವೇನಾ ನಾನು ಬಾಗಿಲು ತೆಗೆದದ್ದು? ಎಂದುಕೊಂಡಳು.

"ಸುಳ್ಳು," ಎಂದಳು ತಂಗಿ.

"ಏನು?"

"ಹೀಗೆ ಕೂತಿರಲಿಲ್ಲ ಅವನು. ಒಂದು ಕಡೆ ಕೂರೋ ಪ್ರಾಣೀನೇ ಅಲ್ಲ." ತಂಗಿ ಅವಳ ಕಿವಿಯ ಹತ್ತಿರ ಬಂದಳು. "ನಮ್ಮ ಮನೇಲೇ ಇದ್ದ. ನನ್ನ ಮಗಳಿಗೆ ಸೈಕಲ್ ಕಲಿಸ್ತೀನಿ ಅಂತ ಹೋಗಿ ತಾನೇ ಬಿದ್ದು ಮೊಣಕೈ ಮುರ್ಕೊಂಡ. ಬ್ರೆಡ್ಡು ಮಾಡಕ್ಕೆ ಕಲೀತೀನಿ ಅಂತ ನಾಲ್ಕು ತಿಂಗಳು ನಮಗೆಲ್ಲ ಇಟ್ಟಿಗೆ ತಿನ್ನಿಸಿದ. ಎರಡು ಸಲ ಮತ್ತೆ ಕುಡಿದ. ಎರಡು ಸಲವೂ ನಾನು ಪಾತ್ರೆ ಎಸೆದು ಜಗಳ ಮಾಡಿದೆ. ಅಡುಗೆಮನೇಲಿ ಕೂತು ಸಣ್ಣ ದನೀಲಿ, ಕೆಳಗಿನ ಸ್ವರದಲ್ಲೇ ಹಾಡ್ತಿದ್ದ. ಪಕ್ಕದ ಮನೆಯವರಿಗೆ ಕೇಳಿಸದಷ್ಟು. ಅವನ್ನೇ ಆಮೇಲೆ ಕ್ಯಾಸೆಟ್ ಮಾಡಿದ್ದು. ನಿಮ್ಮ ಮಗಳು ಆ ಹಾಡುಗಳ ಬಗ್ಗೆ ಕಾಗದದಲ್ಲಿ ಬರೆದಿದ್ಲು."

"ಅವಳಿಗೆ ಅವೇ ಇಷ್ಟ. ಮನೇಲಿ ದಿನಾ ಹಾಕ್ತಾಳೆ. ನಾನು ಎದ್ದು ಆಚೆ ಹೋಗ್ತಿದ್ದೆ."

"ಅವನು ಹೋದದ್ದೂ ನಿದ್ದೇಲೇ. ಹಿಂದಿನ ದಿನ ನನ್ನ ಗಂಡನ ಜೊತೆ ಇಸ್ಪೀಟು ಆಡಿ, ಮೋಸ ಮಾಡಿ ಗೆದ್ದು, ಸಿಕ್ಕಿಬಿದ್ದು…"

ಮುಂದಿನ ಸಾಲಿನಲ್ಲಿದ್ದವನೊಬ್ಬ ಸಿಡುಕಿ ಹಿಂದಕ್ಕೆ ತಿರುಗಿದ. "ಏನ್ರಮ್ಮಾ, ಸಿನಿಮಾ ನೋಡಕ್ಕೆ ಬಂದಿದ್ದೀರೋ, ಮಾತಾಡಕ್ಕೆ ಬಂದಿದ್ದೀರೋ?"

"ಮಾತಾಡಕ್ಕೇ ಕಣಪ್ಪ," ಎಂದಳು ಬೀಗದಕ್ಕ. ಆಮೇಲೆ ಪರದೆಯ ಕಡೆಗೆ ಓರೆಯಾಗಿ, ತಂಗಿಯ ಕಡೆಗೆ ಪೂರ್ತಿ ತಿರುಗಿ ಕೂತು ಕೇಳಿದಳು: "ಸಿಕ್ಕಿಬಿದ್ದು? ಏನ್ ಮಾಡಿದ?"